ಹೊಸ ಕಾರ್ಡ್ ಹಾಕಿದ್ದೇ ತಡ, ಕಂಪ್ಯೂಟರ್ ಆನ್ ಆಗ್ತಿಲ್ವಾ?

ಹಳೆಯ ಕಂಪ್ಯೂಟರಿಗೆ ಒಂದು ಗ್ರಾಫಿಕ್ಸ್ ಕಾರ್ಡ್ ತಂದು ಸಿಕ್ಕಿಸಿ, ಆಸೆಯಿಂದ ಬಟನ್ ಒತ್ತುತ್ತೀರಿ. ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪು. ತಕ್ಷಣ ಕಾರ್ಡ್ ಹಿಡಿದು ಅಂಗಡಿಗೆ ಓಡಬೇಡಿ. ನಾನೊಮ್ಮೆ ಹಾಗೆ ಓಡಿ, ಮುಖ ಸಣ್ಣದು ಮಾಡಿಕೊಂಡು ವಾಪಸ್ ಬಂದಿದ್ದೇನೆ. ಕಾರ್ಡ್ ಚೆನ್ನಾಗೇ ಇತ್ತು. ಅದನ್ನು ಕೂರಿಸುವಾಗ ನನ್ನ ಮುಂಗೈ ತಾಗಿ ಪಕ್ಕದ ಮೆಮೊರಿ ಪಟ್ಟಿ, ಅಂದರೆ ರ್‍ಯಾಮ್ ಒಂದು ತುದಿಯಲ್ಲಿ ಎದ್ದು ನಿಂತಿತ್ತು!

ಮೊದಲ ಕೆಲಸ, ಹಾಕಿದ್ದನ್ನು ತೆಗೆಯುವುದು. ಗೋಡೆಯ ಸ್ವಿಚ್ ಆರಿಸಿ, ವೈರ್ ಕಿತ್ತು, ಪವರ್ ಬಟನನ್ನು ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಒಳಗೆ ಉಳಿದ ಕರೆಂಟ್ ಖಾಲಿಯಾಗಲಿ. ಕ್ಯಾಬಿನೆಟ್ಟಿನ ಬರಿ ಲೋಹ ಮುಟ್ಟಿ, ಆಮೇಲೆ ಒಳಗೆ ಕೈ ಹಾಕಿ. ಕಾರ್ಡ್ ಕೂರುವ ಸ್ಲಾಟಿನ ತುದಿಯಲ್ಲಿ ಪ್ಲಾಸ್ಟಿಕ್ ಕೊಂಡಿ ಇರುತ್ತದೆ. ಅದನ್ನು ಒತ್ತದೆ ಕಾರ್ಡ್ ಎಳೆದರೆ ಕೊಂಡಿ ಮುರಿಯುತ್ತದೆ.

ಈಗ ಮಾನಿಟರ್ ಕೇಬಲನ್ನು ಎಲ್ಲ ಭಾಗಗಳೂ ಕೂರುವ ದೊಡ್ಡ ಬೋರ್ಡಿನ, ಅಂದರೆ ಮದರ್‌ಬೋರ್ಡಿನ ಪೋರ್ಟಿಗೆ ಹಾಕಿ ಆನ್ ಮಾಡಿ. ಇಂಟೆಲ್ ಪ್ರೊಸೆಸರಿನ ಹೆಸರು 12400ಎಫ್ ಎಂಬಂತೆ 'ಎಫ್'ನಿಂದ ಮುಗಿದರೆ ಅದರಲ್ಲಿ ಗ್ರಾಫಿಕ್ಸ್ ಇರುವುದಿಲ್ಲ. ಆಗ ಹಳೆಯ ಕಾರ್ಡನ್ನೇ ಹಾಕಿ ನೋಡಬೇಕು. ಕಂಪ್ಯೂಟರ್ ಎಂದಿನಂತೆ ಶುರುವಾದರೆ ಹುಡುಕಾಟ ಹೊಸ ಕಾರ್ಡಿನ ಸುತ್ತ ಸಾಕು. ಈಗಲೂ ಆಗದಿದ್ದರೆ ನಿಮ್ಮ ಕೈ ಏನನ್ನೋ ಅಲುಗಾಡಿಸಿದೆ ಅಂತಲೇ ಲೆಕ್ಕ. ರ್‍ಯಾಮ್ ತೆಗೆದು, ಟಕ್ ಅನ್ನುವವರೆಗೆ ಒತ್ತಿ ಕೂರಿಸಿ. 24 ಪಿನ್ನಿನ ದೊಡ್ಡ ಕನೆಕ್ಟರ್, ಪ್ರೊಸೆಸರ್ ಹತ್ತಿರದ ಪವರ್ ವೈರ್, ಡಿಸ್ಕಿನ ಸಾಟಾ ಕೇಬಲ್‌ಗಳನ್ನೂ ಒತ್ತಿ ನೋಡಿ.

ಕಾರ್ಡನ್ನು ಮತ್ತೆ ಕೂರಿಸುವಾಗ ಸ್ವಲ್ಪ ಬಗ್ಗಿ, ಪಕ್ಕದಿಂದ ನೋಡಿ. ಹೊಂಬಣ್ಣದ ಹಲ್ಲುಗಳು ಉದ್ದಕ್ಕೂ ಒಂದೇ ಸಮನೆ ಸ್ಲಾಟಿನಲ್ಲಿ ಮುಳುಗಿರಬೇಕು. ಅಗ್ಗದ ಕ್ಯಾಬಿನೆಟ್‌ಗಳಲ್ಲಿ ಒಂದು ತಮಾಷೆ ಇದೆ. ಕಾರ್ಡ್ ಸರಿಯಾಗೇ ಕೂತಿರುತ್ತದೆ, ಹಿಂಬದಿಯ ತಗಡಿನ ಸ್ಕ್ರೂ ಬಿಗಿ ಮಾಡುತ್ತಿದ್ದಂತೆ ಇನ್ನೊಂದು ತುದಿ ಕೂದಲೆಳೆಯಷ್ಟು ಮೇಲೇಳುತ್ತದೆ. ಹಾಗಾಗಿ ಮೊದಲ ಸಲ ಸ್ಕ್ರೂ ಇಲ್ಲದೆಯೇ ಆನ್ ಮಾಡಿ ನೋಡಿ. ಸೆಕೆಂಡ್‌ಹ್ಯಾಂಡ್ ಕಾರ್ಡಾದರೆ ರಿಪೇರಿಯವರು ಮಾಡುವ ಹಾಗೆ ಪೆನ್ಸಿಲ್ ರಬ್ಬರಿನಿಂದ ಆ ಹಲ್ಲುಗಳನ್ನು ಮೆಲ್ಲಗೆ ಉಜ್ಜಿ, ಪುಡಿ ಒರೆಸಿ.

ಇನ್ನು ಪವರ್. ಸ್ಲಾಟ್ ಕೊಡುವುದು ಹೆಚ್ಚೆಂದರೆ 75 ವ್ಯಾಟ್. ಅದಕ್ಕಿಂತ ಜಾಸ್ತಿ ಬೇಡುವ ಕಾರ್ಡಿಗೆ ಬೇರೆ ವೈರ್ ಬೇಕು: 6 ಪಿನ್ನಿನದು ಇನ್ನೂ 75, 8 ಪಿನ್ನಿನದು 150 ವ್ಯಾಟ್ ಕೊಡುತ್ತದೆ. ಪ್ರೊಸೆಸರಿನ 8 ಪಿನ್ ವೈರ್ ನೋಡಲು ಹಾಗೇ ಇದ್ದರೂ ಅದು ಬೇರೆ. 4+4 ಆಗಿ ಒಡೆದರೆ ಪ್ರೊಸೆಸರಿನದು, 6+2 ಆದರೆ ಕಾರ್ಡಿನದು. ಹೋಗದಿದ್ದರೆ ಬಲವಂತ ಬೇಡ.

ಕ್ಯಾಬಿನೆಟ್ ಜೊತೆ ಪುಕ್ಕಟೆ ಬಂದ ಪವರ್ ಸಪ್ಲೈ ಡಬ್ಬಿ, ಅಂದರೆ ಎಸ್‌ಎಂಪಿಎಸ್ ಮೇಲೆ '450 ವ್ಯಾಟ್' ಅಂತ ದಪ್ಪ ಅಕ್ಷರದಲ್ಲಿ ಇರುತ್ತದೆ. ಅದನ್ನು ಸುಮ್ನೆ ನಂಬಬೇಡಿ. ಕೆಳಗಿನ ಪಟ್ಟಿಯಲ್ಲಿ 12 ವೋಲ್ಟಿನ ಸಾಲು ನೋಡಿ. ಅಲ್ಲಿ ಬರೀ 15 ಆಂಪಿಯರ್ ಇದ್ದರೆ ಸಿಗುವುದು 180 ವ್ಯಾಟ್. ಪ್ರೊಸೆಸರಿಗೂ ಅದರಲ್ಲೇ ಪಾಲು! ಬಟನ್ ಒತ್ತಿದಾಗ ಫ್ಯಾನ್ ಒಂದು ಸುತ್ತು ಹಾಕಿ ನಿಂತುಬಿಟ್ಟರೆ ಮೊದಲ ಅನುಮಾನ ಎಸ್‌ಎಂಪಿಎಸ್ ಮೇಲಿರಲಿ.

ಹೇಳಲು ನಾಚಿಕೆ, ಆದರೂ ಹೇಳಲೇಬೇಕು: ಮಾನಿಟರ್ ಕೇಬಲ್ ಈಗ ಹೊಸ ಕಾರ್ಡಿನ ಪೋರ್ಟಿನಲ್ಲೇ ಇದೆ, ಅಲ್ವಾ?

ಈಚಿನ ಎಷ್ಟೋ ಮದರ್‌ಬೋರ್ಡುಗಳಲ್ಲಿ ಸಿಪಿಯು, ಡಿರ್‍ಯಾಮ್, ವಿಜಿಎ, ಬೂಟ್ ಎಂದು ನಾಲ್ಕು ಪುಟ್ಟ ದೀಪಗಳಿವೆ, ಅಂದರೆ ಕ್ರಮವಾಗಿ ಪ್ರೊಸೆಸರ್, ಮೆಮೊರಿ, ಗ್ರಾಫಿಕ್ಸ್, ಡಿಸ್ಕಿನಿಂದ ಶುರುವಾಗುವುದು. ಯಾವುದು ಆರದೆ ನಿಲ್ಲುತ್ತದೋ ತೊಂದರೆ ಅಲ್ಲಿ.

ಪರದೆ ಬಂದು ವಿಂಡೋಸ್ ಬರದಿದ್ದರೆ ಕಥೆ ಬೇರೆ. ಕಂಪ್ಯೂಟರ್ ಆನ್ ಆಗುವಾಗ ಮೊದಲು ಓಡುವ ಸೆಟಪ್ ತಂತ್ರಾಂಶವಾದ ಬಯಾಸ್‌ಗೆ ಹೋಗಿ ಬೂಟ್ ಸಾಲಿನಲ್ಲಿ ನಿಮ್ಮ ಹಳೆಯ ಡಿಸ್ಕ್ ಮೊದಲು ಇದೆಯೇ ನೋಡಿ. ಹಾಕಿದ್ದು ಗ್ರಾಫಿಕ್ಸ್ ಕಾರ್ಡಲ್ಲ, ಮದರ್‌ಬೋರ್ಡಿಗೇ ಸಿಕ್ಕಿಸುವ ಪಟ್ಟಿಯಂಥ ಡಿಸ್ಕಾದ ಎಂ.2 ಎಸ್‌ಎಸ್‌ಡಿ ಆಗಿದ್ದರೆ ಮದರ್‌ಬೋರ್ಡಿನ ಪುಸ್ತಕ ತೆಗೆಯಿರಿ. ಕೆಲವು ಬೋರ್ಡುಗಳಲ್ಲಿ ಆ ಸ್ಲಾಟ್ ತುಂಬಿದ ಕೂಡಲೇ ಒಂದೆರಡು ಸಾಟಾ ಪೋರ್ಟ್ ಕೆಲಸ ನಿಲ್ಲಿಸುತ್ತವೆ. ಹಳೆಯ ಡಿಸ್ಕಿನ ಕೇಬಲನ್ನು ಬೇರೆ ಪೋರ್ಟಿಗೆ ಹಾಕಿದರೆ ಮುಗಿಯಿತು. ತೀರಾ ಹಳೆಯ ಗ್ರಾಫಿಕ್ಸ್ ಕಾರ್ಡುಗಳದ್ದು ಇನ್ನೊಂದು ರಗಳೆ. ಅವು ಬಯಾಸಿನ ಹೊಸ ರೂಪವಾದ ಯುಇಎಫ್‌ಐ ಮೋಡಿನಲ್ಲಿ ಚಿತ್ರ ಕೊಡುವುದಿಲ್ಲ, ಬಯಾಸ್‌ನಲ್ಲಿ ಸಿಎಸ್‌ಎಂ (ಹಳೆಯದಕ್ಕೂ ಹೊಂದಿಕೊಳ್ಳುವ ಸೌಲಭ್ಯ) ಆನ್ ಮಾಡಬೇಕಾಗುತ್ತದೆ.

ಏನೂ ಆಗದಿದ್ದರೆ ವೈರ್ ಕಿತ್ತು, ನಾಣ್ಯದಂಥ ಸಿಆರ್2032 ಬ್ಯಾಟರಿಯನ್ನು ಐದು ನಿಮಿಷ ಹೊರಗಿಟ್ಟು ಬಯಾಸ್ ರೀಸೆಟ್ ಮಾಡಬಹುದು. ಆದರೆ ಡಿಸ್ಕಿಗೆ ವಿಂಡೋಸಿನ ಬೀಗವಾದ ಬಿಟ್‌ಲಾಕರ್ ಇದ್ದರೆ ಬಯಾಸ್ ಮುಟ್ಟುವ ಮೊದಲೇ ಅದರ 48 ಅಂಕಿಯ ರಿಕವರಿ ಕೀ ಬರೆದಿಟ್ಟುಕೊಳ್ಳಿ.

ಕೊನೆಗೆ ಅದೇ ಕಾರ್ಡನ್ನು ಗೆಳೆಯರ ಕಂಪ್ಯೂಟರಿನಲ್ಲಿ ಹಾಕಿ ನೋಡಿ. ಅಲ್ಲೂ ಪರದೆ ಕಪ್ಪಾಗೇ ಇದ್ದರೆ ಈಗ ಅಂಗಡಿಗೆ ಹೊರಡಿ, ಬಿಲ್ಲೂ ಡಬ್ಬವೂ ಜೊತೆಗಿರಲಿ.