ಮನೆಯಲ್ಲಿ ಕನ್ನಡ ಬಿಡದೆ ಜರ್ಮನ್ ಶಾಲೆ ದಾಟಿಸಿದ ಬಗೆ

2023ರ ಬೇಸಿಗೆಯಲ್ಲಿ ನನ್ನ ಮಗಳು ಸಿಂಗಪುರದ ಜರ್ಮನ್ ಶಾಲೆಯಿಂದ ಆಬಿಟೂರ್, ಅಂದರೆ ವಿಶ್ವವಿದ್ಯಾಲಯಕ್ಕೆ ದಾರಿ ಕೊಡುವ ಶಾಲಾಂತ್ಯ ಪರೀಕ್ಷೆ ಮುಗಿಸಿದಳು. ಸರಾಸರಿ 1.8ರ ಆಸುಪಾಸು; ಜರ್ಮನ್ ಶಾಲೆಯಲ್ಲಿ 1 ಅತ್ಯುತ್ತಮ, 6 ಕನಿಷ್ಠ. ಅಪ್ಪ ಅಮ್ಮನಿಗೆ ಅಂಗಡಿ, ಬಸ್ಸು, ಕಚೇರಿಗೆ ಸಾಕಾಗುವಷ್ಟು ಮಾತ್ರ ಜರ್ಮನ್ ಬರುತ್ತದೆ, ಮನೆಯಲ್ಲಿ ಕನ್ನಡ ಬಿಟ್ಟು ಬೇರೆ ಮಾತಿಲ್ಲ. ಇಂಥ ಮನೆಯ ಮಗು ಎಂಟನೆಯ ತರಗತಿ ದಾಟುವುದೇ ಕಷ್ಟ ಎಂದು ನನಗೆ ಹೇಳಿದವರು ಬಹಳ ಮಂದಿ. ಪತಿಯ ಸಹೋದ್ಯೋಗಿಗಳು ಹೇಳಿದರು, ನಮ್ಮಂತೆಯೇ ಜರ್ಮನಿಯಿಂದ ಇಲ್ಲಿಗೆ ಬಂದ ಭಾರತೀಯ ಕುಟುಂಬಗಳು ಹೇಳಿದವು, ಬೆಂಗಳೂರಿನ ನನ್ನ ಭಾವನವರು ಪ್ರತಿ ರಜೆಯಲ್ಲೂ ಹೇಳಿದರು. ಈಗ ಅದೇ ಕುಟುಂಬಗಳಲ್ಲಿ ಕೆಲವು ನನ್ನ ಟಿಪ್ಪಣಿ ಪುಸ್ತಕ ಕೇಳಿಕೊಂಡು ಬರುತ್ತವೆ. ಎಲ್ಲರಿಗೂ ಬೇರೆ ಬೇರೆಯಾಗಿ ಹೇಳುವ ಬದಲು ಇಲ್ಲಿ ಬರೆದಿಡುತ್ತಿದ್ದೇನೆ.

ನಾವು 2009ರಿಂದ ಜರ್ಮನಿಯ ಸ್ಟುಟ್‌ಗಾರ್ಟ್ ಪಕ್ಕದ ಬ್ಯೋಬ್ಲಿಂಗೆನ್‌ನಲ್ಲಿದ್ದೆವು. ಮಗಳ ಶಿಶುವಿಹಾರವೂ ಮೊದಲ ಎರಡು ತರಗತಿಗಳೂ ಅಲ್ಲಿಯೇ ಆದವು. 2013ರಲ್ಲಿ ಪತಿಯ ಕಂಪನಿ ಸಿಂಗಪುರಕ್ಕೆ ಕಳುಹಿಸಿತು. ಇಲ್ಲಿ 1971ರಿಂದಲೇ ಜರ್ಮನ್ ಶಾಲೆಯಿದೆ. ಜರ್ಮನ್ ವಿಭಾಗ, ಇಂಗ್ಲಿಷ್ ವಿಭಾಗ ಎರಡೂ ಇವೆ. ಶುಲ್ಕ ಕಂಪನಿಯದಾಗಿದ್ದರಿಂದ ಯೋಚಿಸದೆ ಜರ್ಮನ್ ವಿಭಾಗಕ್ಕೆ ಸೇರಿಸಿದೆವು. ನಿಜವಾದ ಪ್ರಶ್ನೆ ಎದ್ದದ್ದು 2016ರಲ್ಲಿ, ಪತಿ ಸ್ಥಳೀಯ ಒಪ್ಪಂದಕ್ಕೆ ಬಂದಾಗ. ಆಗಿನಿಂದ ಇಬ್ಬರು ಮಕ್ಕಳ ಶುಲ್ಕ ನಮ್ಮದೇ. ನೆನಪಿನಿಂದ ಹೇಳುವುದಾದರೆ ಬಸ್ಸೂ ಸೇರಿ ವರ್ಷಕ್ಕೆ ಅರುವತ್ತು ಸಾವಿರ ಸಿಂಗಪುರ ಡಾಲರ್ ಹತ್ತಿರ. ಭಾರತೀಯ ಪಠ್ಯಕ್ರಮದ ಶಾಲೆಗೆ ಹಾಕಿದ್ದರೆ ಅದರ ಅರ್ಧದಲ್ಲಿ ಮುಗಿಯುತ್ತಿತ್ತು.

ಆದರೂ ಬಿಡಲಿಲ್ಲ. ಕಾರಣ ನಿಮಗೆ ಗೊತ್ತಿರುವುದೇ. ನಮ್ಮ ಹನ್ನೆರಡನೆಯ ತರಗತಿಯ ಅಂಕಪಟ್ಟಿ ಹಿಡಿದು ಜರ್ಮನಿಯ ವಿಶ್ವವಿದ್ಯಾಲಯಕ್ಕೆ ಹೋಗುವ ಮಗು ಸಾಮಾನ್ಯವಾಗಿ ಒಂದು ವರ್ಷ ಪೂರ್ವಸಿದ್ಧತಾ ತರಗತಿಯಾದ ಸ್ಟುಡಿಯೆನ್‌ಕೊಲೆಗ್‌ನಲ್ಲಿ ಕೂರಬೇಕು, ಇಲ್ಲವೇ ಭಾರತದಲ್ಲಿ ಒಂದು ವರ್ಷ ಪದವಿ ಓದಿರಬೇಕು, ಇಲ್ಲವೇ ಜೆಇಇ ಅಡ್ವಾನ್ಸ್ಡ್ ದಾಟಿರಬೇಕು. ಈಗಂತೂ ಅಂಕಪಟ್ಟಿಗಳನ್ನು ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರದ ಓಡಾಟ ಬೇರೆ. ವಿದೇಶದ ಜರ್ಮನ್ ಶಾಲೆಯ ಆಬಿಟೂರ್ ಇದ್ದರೆ ಇವು ಯಾವುವೂ ಇಲ್ಲ. ಸ್ಟುಟ್‌ಗಾರ್ಟ್‌ನಲ್ಲಿ ಓದಿದ ಮಗುವಿನ ಸಾಲಿನಲ್ಲಿಯೇ ನಿಂತು ಅರ್ಜಿ ಹಾಕಬಹುದು.

ಮೊದಲು ಮಾಡಿದ್ದು ಎಲ್ಲರೂ ಹೇಳಿದ್ದನ್ನೇ: ಮನೆಯಲ್ಲಿ ಜರ್ಮನ್ ಮಾತನಾಡುವುದು. ಸುಮಾರು ಅರ್ಧ ವರ್ಷ ನಡೆಸಿದೆವು. ಊಟದ ಹೊತ್ತಿನ ಮಾತು ದಿನದಿನಕ್ಕೆ ಚಿಕ್ಕದಾಯಿತು. ನಾಮಪದದ ಲಿಂಗ ತೋರಿಸುವ ಡೇರ್, ಡೀ, ದಾಸ್‌ಗಳಲ್ಲಿ ನಮ್ಮ ತಪ್ಪನ್ನು ಮಕ್ಕಳು ತಿದ್ದುತ್ತಿದ್ದರು. ನಮಗೆ ಬರುವ ನಾಲ್ಕು ವಾಕ್ಯಗಳ ಆಚೆಗೆ ಅವರ ಜೊತೆ ಯಾವ ವಿಷಯವನ್ನೂ ಚರ್ಚಿಸಲಾಗುತ್ತಿರಲಿಲ್ಲ. ಮಗುವಿನ ಭಾಷೆ ಬೆಳೆಯುವುದು ವಾದದಲ್ಲಿ, ಕಥೆಯಲ್ಲಿ, ಜಗಳದಲ್ಲಿ. ಅದನ್ನೆಲ್ಲ ಕತ್ತರಿಸಿ ನಾವು ಕೊಟ್ಟದ್ದು ಕಳಪೆ ಜರ್ಮನ್. ಅದೇ ವರ್ಷದ ಫಲಿತಾಂಶದಲ್ಲಿ ಒಂದು ಅಂಶದಷ್ಟೂ ಸುಧಾರಣೆ ಕಾಣಲಿಲ್ಲ.

ಎರಡನೆಯದು ಟ್ಯೂಷನ್. ಇಲ್ಲಿನ ಒಂದು ಸಂಸ್ಥೆ ಗಂಟೆಗೆ ಎಂಬತ್ತೈದು ಡಾಲರ್ ತೆಗೆದುಕೊಂಡು ವ್ಯಾಕರಣದ ಹಾಳೆಗಳನ್ನು ತುಂಬಿಸಿತು. ಮಗಳು ಹಾಳೆಗಳಲ್ಲಿ ನೂರಕ್ಕೆ ತೊಂಬತ್ತು ತೆಗೆಯುತ್ತಿದ್ದಳು, ಶಾಲೆಯ ಜೀವಶಾಸ್ತ್ರದ ಕಿರುಪರೀಕ್ಷೆಯಲ್ಲಿ ನಾಲ್ಕು ತರುತ್ತಿದ್ದಳು. ಇದಕ್ಕೆ ಹೋದ ಹಣ ಮೂರು ಸಾವಿರ ಡಾಲರಿಗೆ ಕಡಿಮೆಯಿಲ್ಲ. ಮೂರನೆಯದು ಬೇಸಿಗೆ ರಜೆಯಲ್ಲಿ ಜರ್ಮನಿಯ ಶ್ವಾರ್ಟ್ಸ್‌ವಾಲ್ಡ್‌ನ ಮಕ್ಕಳ ಶಿಬಿರ. ವಿಮಾನ, ಶಿಬಿರ ಸೇರಿ ಇನ್ನೊಂದು ದೊಡ್ಡ ಮೊತ್ತ. ಮಕ್ಕಳು ಮಾತಿನಲ್ಲಿ ಹುರುಪಾಗಿ ಬಂದರು, ಅಲ್ಲಿನ ಮಕ್ಕಳಂತೆಯೇ ಉಚ್ಚರಿಸಿದರು. ಆದರೆ ಶಿಬಿರದ ಜರ್ಮನ್ ಬೇರೆ, ಭೌತಶಾಸ್ತ್ರದ ಪುಸ್ತಕದ ಜರ್ಮನ್ ಬೇರೆ. ಎಂಟನೆಯ ತರಗತಿಯಲ್ಲಿ ಮಕ್ಕಳು ಸೋಲುವುದು ಈ ಎರಡನೆಯದರಲ್ಲಿ. ಶಾಲೆಗಳಿಗೂ ಇದು ಗೊತ್ತು. ಜರ್ಮನ್‌ನಲ್ಲಿ ಬೋಧಿಸುವ ವಿಜ್ಞಾನ, ಇತಿಹಾಸಕ್ಕೆ ಡೆಎಫ್‌ಉ ಎಂದು ಪ್ರತ್ಯೇಕ ಹೆಸರಿಟ್ಟು ಶಿಕ್ಷಕರಿಗೆ ತರಬೇತಿ ಕೊಡುವುದು ಇದಕ್ಕಾಗಿಯೇ.

ದಾರಿ ಸಿಕ್ಕಿದ್ದು ಪಠ್ಯಪುಸ್ತಕದ ಒಂದು ವಾಕ್ಯದಲ್ಲಿ. ಭೂಗೋಳದ ಪುಸ್ತಕದಲ್ಲಿ «ಡೀ ಇಮ್ 19. ಯಾರ್‌ಹುಂಡರ್ಟ್ ಗೆಬೌಟೆ ಬ್ರ್ಯುಕೆ» ಎಂದಿತ್ತು. ಮಗಳು ಇಂಗ್ಲಿಷಿನಲ್ಲಿ ಯೋಚಿಸಿ ತಲೆಕೆಳಗು ಮಾಡಿಕೊಂಡಿದ್ದಳು. ನಾನು ಕನ್ನಡದಲ್ಲಿ ಓದಿಸಿದೆ: «19ನೆಯ ಶತಮಾನದಲ್ಲಿ ಕಟ್ಟಿದ ಸೇತುವೆ». ಪದಗಳು ಅದೇ ಸಾಲಿನಲ್ಲಿ ಕುಳಿತವು. ಜರ್ಮನ್ ಪಠ್ಯಪುಸ್ತಕಗಳಲ್ಲಿ ಮಕ್ಕಳನ್ನು ಹೆದರಿಸುವ ಉದ್ದುದ್ದ ವಿಶೇಷಣಗಳು ನಮ್ಮ ಕೃದಂತದ ಕ್ರಮದಲ್ಲಿಯೇ ಬರುತ್ತವೆ. ವೈಲ್ (ಏಕೆಂದರೆ), ದಸ್ (ಎಂದು), ವೆನ್ (ಆದರೆ, ಆದಾಗ) ಬಂದ ಉಪವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಹೋಗುತ್ತದೆ. ನಮ್ಮದು ಸಾಮಾನ್ಯವಾಗಿ ಕೊನೆಯಲ್ಲೇ. ಇಂಗ್ಲಿಷ್ ಮನೆಭಾಷೆಯ ಮಕ್ಕಳು ವರ್ಷಗಟ್ಟಲೆ ಎಡವುವ ಜಾಗ ಇದು. ಕನ್ನಡವನ್ನು ಅಡ್ಡಿ ಎಂದು ಭಾವಿಸಿ ಮೂಲೆಗಿಟ್ಟಿದ್ದ ನಾವು ಅದನ್ನೇ ಮೆಟ್ಟಿಲು ಮಾಡಿಕೊಂಡೆವು.

ಕ್ರಮ ಹೀಗೆ ಬೆಳೆಯಿತು. ನನ್ನ ತಂದೆ ಶಿವಮೊಗ್ಗ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಜರ್ಮನ್‌ನ ಒಂದಕ್ಷರವೂ ಅವರಿಗೆ ತಿಳಿಯದು, ಅದೇ ಅನುಕೂಲವಾಯಿತು. ಇಲ್ಲಿ ಸಂಜೆ ಏಳೂವರೆ, ಅಲ್ಲಿ ಐದು ಗಂಟೆ. ವಾರದಲ್ಲಿ ಮೂರು ನಾಲ್ಕು ಸಂಜೆ ಮಗಳು ಅಂದಿನ ಒಂದು ಪಾಠವನ್ನು ವಿಡಿಯೊ ಕರೆಯಲ್ಲಿ ಅಜ್ಜನಿಗೆ ಕನ್ನಡದಲ್ಲಿ ಹೇಳಬೇಕು. «ಎಲೆ ಹಸಿರಾಗಿರುವುದಕ್ಕೂ ಅದು ಆಹಾರ ತಯಾರಿಸುವುದಕ್ಕೂ ಏನು ಸಂಬಂಧ, ಪುಟ್ಟಿ?» ಎಂದು ಅವರು ಕೇಳುತ್ತಾರೆ. ಅರ್ಥವಾಗದೆ ಬಾಯಿಪಾಠ ಮಾಡಿದ್ದು ಅಲ್ಲೇ ಸಿಕ್ಕಿಬೀಳುತ್ತದೆ. ದ್ಯುತಿಸಂಶ್ಲೇಷಣೆ, ಜಡತ್ವ, ಸಾಂದ್ರತೆ ಎಂಬ ಪದಗಳು ಅವರಿಂದ ಬಂದವು. ಕರೆ ಮುಗಿದ ಮೇಲೆ ಪುಸ್ತಕ ಮುಚ್ಚಿಟ್ಟು, ಅದೇ ವಿವರಣೆಯನ್ನು ಜರ್ಮನ್‌ನಲ್ಲಿ ಅರ್ಧ ಪುಟ ಬರೆಯಬೇಕು. ಆಮೇಲೆ ಪುಸ್ತಕ ತೆರೆದು ತಾನೇ ಕೆಂಪು ಶಾಯಿಯಲ್ಲಿ ತಿದ್ದಿಕೊಳ್ಳಬೇಕು. ಒಟ್ಟು ಐವತ್ತು ನಿಮಿಷದ ಒಳಗೆ ಮುಗಿಯುತ್ತಿತ್ತು. ಈ ಅರ್ಧ ಪುಟ ಬರೆಯುವುದನ್ನು ಬಿಟ್ಟರೆ ಇಡೀ ಕ್ರಮ ಕುಸಿಯುತ್ತದೆ. ಬರೀ ಕನ್ನಡದಲ್ಲಿ ವಿವರಿಸಿ ನಿಲ್ಲಿಸಿದ ಇನ್ನೊಂದು ಮನೆಯವರಿಗೆ ಏನೂ ಸಿಗಲಿಲ್ಲ.

ವ್ಯಾಕರಣಕ್ಕೆ ನಮ್ಮ ವಿಭಕ್ತಿಗಳನ್ನೇ ಬಳಸಿದೆ. ‘ಅನ್ನು’ ಬಂದಲ್ಲಿ ಅಕ್ಕುಜಾಟಿವ್, ‘ಗೆ’ ಬಂದಲ್ಲಿ ದಾಟಿವ್. ಪುಸ್ತಕವನ್ನು ಅಣ್ಣನಿಗೆ ಕೊಟ್ಟೆ, ಅಮ್ಮನಿಗೆ ಸಹಾಯ ಮಾಡಿದೆ, ಅಣ್ಣನನ್ನು ಕೇಳಿದೆ: ಮೂರೂ ಜರ್ಮನ್‌ನಲ್ಲಿ ಹಾಗೆಯೇ ಬೀಳುತ್ತವೆ. ಆದರೆ ಒಂದು ಕಡೆ ಇದು ಕೈಕೊಡುತ್ತದೆ, ಮೊದಲೇ ಹೇಳಿಕೊಡಿ. ‘ಶಾಲೆಗೆ ಹೋಗುತ್ತೇನೆ’ ಎಂಬಲ್ಲಿ ನಮ್ಮದು ಚತುರ್ಥಿ, ಜರ್ಮನ್ ‘ಇನ್ ಡೀ ಶೂಲೆ’ ಅಕ್ಕುಜಾಟಿವ್. ‘ಶಾಲೆಯಲ್ಲಿ ಇದ್ದೇನೆ’ ಎಂಬಲ್ಲಿ ನಮ್ಮದು ಸಪ್ತಮಿ, ಅವರದು ‘ಇನ್ ಡೇರ್ ಶೂಲೆ’, ದಾಟಿವ್. ಮಗಳಿಗೆ ಇದು ಗಟ್ಟಿಯಾಗಲು ಒಂದಿಡೀ ವರ್ಷ ಬೇಕಾಯಿತು. ಮಗನಿಗೆ ಚಲನೆಯಿದ್ದರೆ ‘ಅನ್ನು’ ಎಂದು ಮೊದಲ ದಿನವೇ ಹೇಳಿದ್ದರಿಂದ ಕೆಲವೇ ವಾರಗಳಲ್ಲಿ ಕೂತಿತು.

ಇನ್ನು ಅಂಕ ಹೋಗುವ ಅಸಲಿ ಜಾಗ: ಒಪೆರಾಟೋರೆನ್, ಅಂದರೆ ಉತ್ತರದಲ್ಲಿ ಏನು ಮಾಡಬೇಕೆಂದು ಹೇಳುವ ಪ್ರಶ್ನೆಯ ಕ್ರಿಯಾಪದಗಳು. ಪ್ರಶ್ನೆಯಲ್ಲಿ ನೆನೆನ್ ಎಂದಿದ್ದರೆ ಪಟ್ಟಿ ಸಾಕು. ಬೆಶ್ರೈಬೆನ್ ಎಂದಿದ್ದರೆ ಕಾಣುವುದನ್ನು ಕ್ರಮವಾಗಿ ಹೇಳಬೇಕು, ಕಾರಣ ಬೇಡ. ಎರ್ಕ್ಲೇರೆನ್ ಎಂದಿದ್ದರೆ ಕಾರಣವೇ ಮುಖ್ಯ. ಎರ್ಯೋರ್ಟರ್ನ್ ಎಂದರೆ ಎರಡೂ ಪಕ್ಷ ಇಟ್ಟು ತೂಗಿ ತೀರ್ಮಾನಕ್ಕೆ ಬರಬೇಕು. ನಮ್ಮ ಮಕ್ಕಳು ಎಲ್ಲದಕ್ಕೂ ಗೊತ್ತಿರುವುದನ್ನೆಲ್ಲ ಸುರಿದು ಬರುತ್ತಾರೆ, ಆಮೇಲೆ ಭಾಷೆ ಸಾಲದಾಯಿತು ಎಂದುಕೊಳ್ಳುತ್ತಾರೆ. ಹಳೆಯ ಉತ್ತರ ಪತ್ರಿಕೆಗಳನ್ನೆಲ್ಲ ಹರಡಿಕೊಂಡು ನಾನು ಎಣಿಸಿ ನೋಡಿದಾಗ, ಕಳೆದುಕೊಂಡ ಅಂಕಗಳಲ್ಲಿ ಅರ್ಧದಷ್ಟು ಇದರಿಂದಲೇ ಹೋಗಿದ್ದವು. ಒಂದೊಂದು ಒಪೆರಾಟರ್‌ಗೆ ಒಂದೊಂದು ಪುಟ, ಪ್ರತಿ ಪುಟದಲ್ಲಿ ಆರಂಭಿಸುವ ವಾಕ್ಯಗಳು, ಮಗಳ ಉತ್ತರಗಳಲ್ಲಿ ಪೂರ್ಣ ಅಂಕ ಬಂದ ಮಾದರಿಗಳು. ಜನರು ಈಗ ಕೇಳುತ್ತಿರುವ ಟಿಪ್ಪಣಿ ಪುಸ್ತಕ ಇದೇ. ಒಂಬತ್ತನೆಯ ತರಗತಿಯಲ್ಲಿ ಇದನ್ನು ಶುರುಮಾಡಿದೆವು. ಅದೇ ವರ್ಷ ಇತಿಹಾಸದಲ್ಲಿ ನಾಲ್ಕು ಇದ್ದದ್ದು ಎರಡಕ್ಕೆ ಬಂತು.

ಮೌಖಿಕ ಅಂಕವನ್ನೂ ನಿರ್ಲಕ್ಷಿಸಬೇಡಿ. ತರಗತಿಯಲ್ಲಿ ಕೈ ಎತ್ತಿ ಮಾತನಾಡುವುದಕ್ಕೆ ಜರ್ಮನ್ ಶಾಲೆಯಲ್ಲಿರುವ ತೂಕ ನಮ್ಮವರಿಗೆ ಬೇಗ ಹೊಳೆಯುವುದಿಲ್ಲ. ಸುಮ್ಮನೆ ಕೂತು ಚೆನ್ನಾಗಿ ಬರೆಯುವ ಮಗುವಿಗೆ ಅಲ್ಲಿ ಒಳ್ಳೆಯ ಹೆಸರು ಸಿಗುವುದಿಲ್ಲ. ಪ್ರತಿ ತರಗತಿಯಲ್ಲಿ ಕನಿಷ್ಠ ಎರಡು ಸಲ ಕೈ ಎತ್ತಬೇಕು, ಅದರಲ್ಲಿ ಒಂದು ಪ್ರಶ್ನೆಯಾಗಿರಬೇಕು ಎಂದು ನಿಯಮ ಮಾಡಿದೆವು. ಅಜ್ಜ ಹಿಂದಿನ ಸಂಜೆ ಕೇಳಿದ ಪ್ರಶ್ನೆಯನ್ನೇ ಮಗಳು ತರಗತಿಯಲ್ಲಿ ಕೇಳುತ್ತಿದ್ದಳು. ಪೋಷಕರ ಭೇಟಿಯ ದಿನ ರಸಾಯನಶಾಸ್ತ್ರದ ಶಿಕ್ಷಕರು, ಇಷ್ಟು ಒಳ್ಳೆಯ ಪ್ರಶ್ನೆಗಳು ಈ ಹುಡುಗಿಗೆ ಎಲ್ಲಿಂದ ಬರುತ್ತವೆ ಎಂದು ಕೇಳಿದರು. ತೀರ್ಥಹಳ್ಳಿಯಿಂದ ಎಂದು ಹೇಳಿದೆ. ನಕ್ಷೆ ತೆಗೆದು ತೋರಿಸಿದೆ ಕೂಡ.

ಮಾತೃಭಾಷಿಕರ ಜರ್ಮನ್ ಬೇಡವೇ ಎಂದರೆ ಖಂಡಿತ ಬೇಕು. ಅದಕ್ಕೆ ಟ್ಯೂಷನ್ ಸಂಸ್ಥೆ ಬೇಡ. ಬ್ಯೋಬ್ಲಿಂಗೆನ್‌ನ ನಮ್ಮ ಹಳೆಯ ನೆರೆಮನೆಯ ಹುಡುಗಿ ಆಗ ಶಿಕ್ಷಕ ತರಬೇತಿಗೆ ಓದುತ್ತಿದ್ದಳು. ಶನಿವಾರ ಇಲ್ಲಿ ಮಧ್ಯಾಹ್ನ, ಅಲ್ಲಿ ಬೆಳಗ್ಗೆ. ಒಂದು ಗಂಟೆ ಇಂಟರ್‌ನೆಟ್ ಕರೆಯಲ್ಲಿ ಪತ್ರಿಕೆಯ ಲೇಖನ ಗಟ್ಟಿಯಾಗಿ ಓದುವುದು, ಮಗಳು ತನ್ನ ಮಾತಿನಲ್ಲಿ ಹೇಳುವುದು, ಇಬ್ಬರೂ ವಾದಿಸುವುದು. ವ್ಯಾಕರಣ ತಿದ್ದಬಾರದು ಎಂದು ಮೊದಲೇ ಕರಾರು ಮಾಡಿಕೊಂಡಿದ್ದೆ. ಗಂಟೆಗೆ ಹದಿನೆಂಟು ಇಪ್ಪತ್ತು ಯೂರೊ. ಸಂಸ್ಥೆಗೆ ಕೊಟ್ಟದ್ದರ ಮೂರನೆಯ ಒಂದು ಭಾಗ, ಉಪಯೋಗ ಹತ್ತು ಪಟ್ಟು.

ನಡುನಡುವೆ ಬೇರೆ ಪ್ರಯೋಗಗಳೂ ನಡೆದವು. ಜರ್ಮನ್ ಉಚ್ಚಾರಣೆಯನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳುವುದು ಮಗನಿಗೆ ಬಹಳ ಇಷ್ಟವಾಯಿತು. ಹ್ರಸ್ವ ದೀರ್ಘ ಸ್ಪಷ್ಟವಾಗಿ ಕಾಣುವುದರಿಂದ ‘ಶ್ಟಾಟ್’ ಎಂದರೆ ದೇಶ, ‘ಶ್ಟಟ್’ ಎಂದರೆ ಊರು ಎಂದು ಬರೆದುಕೊಂಡು ಅವೆರಡರ ಗೊಂದಲ ಹೋಯಿತು. ಆದರೆ ಮೇಲೆ ಎರಡು ಚುಕ್ಕೆ ಇರುವ ö, ü ಎಂಬ ಉಮ್ಲೌಟ್ ಸ್ವರಗಳಿಗೆ ನಮ್ಮಲ್ಲಿ ಅಕ್ಷರವಿಲ್ಲ. ಅಲ್ಲಿಗೆ ಬಂದು ಪ್ರಯೋಗ ನಿಂತಿತು. ಇದರಿಂದ ಸಿಕ್ಕ ನಿಜವಾದ ಲಾಭವೆಂದರೆ ಅವನು ಕನ್ನಡ ಬರೆಯಲು ಕಲಿತದ್ದು. ಸಿಂಗಪುರದ ಶಾಲೆಗಳಲ್ಲಿ ತಮಿಳಿದೆ, ಹಿಂದಿ, ಬಂಗಾಳಿ, ಪಂಜಾಬಿ, ಗುಜರಾತಿ, ಉರ್ದು ಕಲಿಯುವ ಏರ್ಪಾಡೂ ಇದೆ; ಕನ್ನಡಕ್ಕಿಲ್ಲ. ಮಗ್ಗಿ ಕನ್ನಡದಲ್ಲಿಯೇ ಇರಲಿ ಎಂಬುದು ನನ್ನ ಹಟ. ಜರ್ಮನ್‌ನಲ್ಲಿ ಇಪ್ಪತ್ತೊಂದನ್ನು ಒಂದು ಮತ್ತು ಇಪ್ಪತ್ತು ಎಂದು ಹೇಳುತ್ತಾರೆ. ಉಕ್ತಲೇಖನದಲ್ಲಿ ಚಿಕ್ಕ ಮಕ್ಕಳು 21ರ ಬದಲು 12 ಬರೆಯುತ್ತಾರೆ. ಕನ್ನಡದಲ್ಲಿ ಲೆಕ್ಕ ಹಾಕಿ ಉತ್ತರ ಮಾತ್ರ ಜರ್ಮನ್‌ನಲ್ಲಿ ಹೇಳುವುದನ್ನು ಇಬ್ಬರೂ ಮುಂದುವರಿಸಿದರು. ವೇಗ ಒಂದಿಷ್ಟು ಕಡಿಮೆ, ತಪ್ಪು ಬಹಳ ಕಡಿಮೆ.

ಆಬಿಟೂರ್‌ನ ಮೂರು ಲಿಖಿತ ಪರೀಕ್ಷೆಗಳಿಗೆ ಮೇಲಿನದ್ದೆಲ್ಲ ಸಾಕು. ಎರಡು ಮೌಖಿಕ ಪರೀಕ್ಷೆಗಳಿಗೆ, ಮುಖ್ಯವಾಗಿ ತಯಾರಿಗೆ ಕೊಡುವ ಆ ಸ್ವಲ್ಪ ಹೊತ್ತಿನಲ್ಲಿ ಹಾಳೆಯನ್ನು ಹೇಗೆ ತುಂಬಿಸಬೇಕು ಎಂಬುದಕ್ಕೆ ನಾವು ಒಂದು ವಿಧಾನ ಕಟ್ಟಿದ್ದೇವೆ. ಮಗ ಪರೀಕ್ಷೆ ಮುಗಿಸುವವರೆಗೆ ಅದು ನಮ್ಮ ಮನೆಯಲ್ಲಿಯೇ ಇರಲಿ. ಜರ್ಮನ್ ಸಾಹಿತ್ಯದ ಪ್ರಬಂಧಕ್ಕೆ ಅಜ್ಜ ಕಂಡುಹಿಡಿದ ಉಪಾಯವೂ ಒಂದಿದೆ. ಅದನ್ನು ಹೇಳಬೇಕೋ ಬೇಡವೋ ಅವರೇ ನಿರ್ಧರಿಸಲಿ.

ಒಟ್ಟು ಹಣದ ಲೆಕ್ಕಕ್ಕೆ ಬಂದರೆ, ಮಗಳೊಬ್ಬಳಿಗೆ ನಮ್ಮ ಕೈಯಿಂದ ಹೋದದ್ದು ಎರಡು ಲಕ್ಷ ಸಿಂಗಪುರ ಡಾಲರಿಗಿಂತ ಹೆಚ್ಚು. ಕಾರು ಕೊಳ್ಳಲಿಲ್ಲ, ಮೈಸೂರಿನ ನಿವೇಶನ ಮಾರಿದೆವು. ಭಾವನವರ ಆಕ್ಷೇಪವೆಲ್ಲ ಆ ನಿವೇಶನದ ಬಗ್ಗೆಯೇ. ಮಗಳು ಈಗ ಜರ್ಮನಿಯ ಆಖೆನ್‌ನಲ್ಲಿ ಯಂತ್ರಶಾಸ್ತ್ರ ಓದುತ್ತಿದ್ದಾಳೆ. ಬೋಧನಾ ಶುಲ್ಕವಿಲ್ಲ, ಅರ್ಧವರ್ಷಕ್ಕೆ ಮುನ್ನೂರು ಯೂರೊ ಚಿಲ್ಲರೆ, ಅದರಲ್ಲಿ ಬಸ್ಸು ರೈಲಿನ ಟಿಕೆಟ್ಟೂ ಸೇರಿದೆ. ಇಂಗ್ಲಿಷ್ ಶಾಲೆ ಮುಗಿಸಿ ಬ್ರಿಟನ್ನಿಗೋ ಆಸ್ಟ್ರೇಲಿಯಕ್ಕೋ ಹೋದ ಅವಳ ಗೆಳತಿಯರ ಮನೆಯವರು ಈಗ ಕಟ್ಟುತ್ತಿರುವ ಶುಲ್ಕದ ಜೊತೆ ಹೋಲಿಸಿದಾಗ ನಿವೇಶನ ಹೋದದ್ದು ನನಗೆ ಭಾರವೆನಿಸುವುದಿಲ್ಲ.

ಐದನೆಯ ತರಗತಿಯ ನಂತರ ಜರ್ಮನ್ ಗೊತ್ತಿಲ್ಲದ ಮಗುವನ್ನು ಸೇರಿಸಲು ಯೋಚಿಸುತ್ತಿರುವವರು ನನ್ನ ಕ್ರಮವನ್ನು ನಂಬಿ ಜರ್ಮನ್ ವಿಭಾಗಕ್ಕೆ ನುಗ್ಗಬೇಡಿ. ನಮ್ಮ ಮಕ್ಕಳಿಗೆ ಶಿಶುವಿಹಾರದ ತಳಪಾಯವಿತ್ತು. ಅಂಥವರು ಇಂಗ್ಲಿಷ್ ವಿಭಾಗದಲ್ಲಿ ಓದಿಸುತ್ತಲೇ ಡೆಎಸ್‌ಡೆ ಎಂಬ ಜರ್ಮನ್ ಭಾಷಾ ಪರೀಕ್ಷೆಯ ಎರಡನೆಯ ಹಂತದ ಪ್ರಮಾಣಪತ್ರಕ್ಕೆ ಸಿದ್ಧಮಾಡಿ. ಜರ್ಮನ್ ವಿಶ್ವವಿದ್ಯಾಲಯಗಳು ಕೇಳುವ ಭಾಷಾ ಪುರಾವೆಗೆ ಅದು ನಡೆಯುತ್ತದೆ. ಅಜ್ಜನ ಸಂಜೆಯ ಕರೆಯನ್ನೂ ಅರ್ಧ ಪುಟದ ಬರವಣಿಗೆಯನ್ನೂ ಮಾತ್ರ ಈ ವಾರವೇ ಆರಂಭಿಸಿ. ಅಜ್ಜ ವಿಜ್ಞಾನದ ಮೇಷ್ಟರೇ ಆಗಿರಬೇಕಿಲ್ಲ, ಬಿಡದೆ ಪ್ರಶ್ನೆ ಕೇಳುವವರಾದರೆ ಸಾಕು.