ಎಡಕ್ಕೆ ಬಂದರೂ ಬಲಕ್ಕೆ ಹೋದರೂ ಕೃಷ್ಣನ ನೀಲಿ ಒಂದೇ ಇರಬೇಕು

ನಾನು ಗುಬ್ಬಿಯವನು. 1884ರಲ್ಲೇ ನಾಟಕ ಕಂಪನಿ ಕಟ್ಟಿದ ಊರು ನಮ್ಮದು. ಜಾತ್ರೆ ಕಾಲದಲ್ಲಿ ಶಿರಾ, ಮಧುಗಿರಿ, ಕೊರಟಗೆರೆ ಕಡೆ ರಾತ್ರಿ ಪೂರ್ತಿ ನಡೆಯುವ ಪೌರಾಣಿಕ ನಾಟಕಗಳಿಗೆ ಲೈಟ್ ಕಟ್ಟುವುದು ನನ್ನ ಕೆಲಸ.

ಎಲ್‌ಇಡಿ ಪಾರ್ ಲೈಟ್, ಅಂದರೆ ಕೆಂಪು, ಹಸಿರು, ನೀಲಿ ಮೂರೂ ಬಣ್ಣ ಇರುವ ಸ್ಟೇಜ್ ಲೈಟ್ ತಂದ ಹೊಸದರಲ್ಲಿ ಎಲ್ಲವನ್ನೂ ಫುಲ್‌ಗೆ ಇಟ್ಟೆ. ಬೆಳಕು ಜಾಸ್ತಿ ಇದ್ದರೆ ಜನಕ್ಕೆ ಖುಷಿ ಅಂತ ನಂಬಿದ್ದೆ. ಅವತ್ತು ಕೃಷ್ಣ ಎಡಗಡೆ ನಿಂತಾಗ ಮುಖ ಚೆಂದದ ನೀಲಿ. ಪದ ಹಾಡುತ್ತಾ ಬಲಕ್ಕೆ ಬಂದರು, ಮುಖ ಹಸಿರಿಗೆ ತಿರುಗಿತು. ಹಾರ್ಮೋನಿಯಂ ಮೇಷ್ಟ್ರು ಬಾರಿಸುತ್ತಲೇ ನನ್ನ ಕಡೆ ತಿರುಗಿ ನೋಡಿದರು. ಆರು ತಿಂಗಳು ರಾತ್ರಿ ನಿದ್ದೆಗೆಟ್ಟು ಪದ ಕಲಿತು, ಕೈಯಿಂದ ದುಡ್ಡು ಹಾಕಿ ಕೃಷ್ಣನ ಪಾರ್ಟು ಮಾಡಿದವರ ಮುಖ ಅದು. ಫುಲ್‌ಗೆ ಇಟ್ಟರೆ ಒಂದೊಂದು ಲೈಟಿನ ಬಣ್ಣ ಒಂದೊಂದು ಥರ ಅಂತ ಅವತ್ತು ಗೊತ್ತಾಯಿತು. ಆಮೇಲೆ ನಾನು ಫುಲ್‌ಗೆ ಇಡುವುದನ್ನೇ ಬಿಟ್ಟೆ.

ಮೊದಲು ಲೈಟ್ ಬಿಸಿಯಾಗಲು ಬಿಡಿ. ಇದನ್ನು ತುಂಬಾ ಜನ ಮಾಡುವುದಿಲ್ಲ. ಎಲ್‌ಇಡಿ ಬಿಸಿಯಾದಂತೆ ಬೆಳಕು ಇಳಿಯುತ್ತದೆ. ಆದರೆ ಮೂರೂ ಬಣ್ಣ ಒಂದೇ ಸಮ ಇಳಿಯುವುದಿಲ್ಲ. ಕೆಂಪು ಎಲ್ಲಕ್ಕಿಂತ ಬೇಗ ಇಳಿಯುತ್ತದೆ. ಹಾಗಾಗಿ ಸಂಜೆ ತಣ್ಣಗಿದ್ದಾಗ ಸರಿಮಾಡಿದ ಬಿಳಿ, ಸ್ವಲ್ಪ ಹೊತ್ತಿನಲ್ಲೇ ನೀಲಿ-ಹಸಿರಿಗೆ ಎಳೆಯುತ್ತದೆ. ನಾಟಕದಲ್ಲಿ ಎಷ್ಟು ಇಡುತ್ತೀರೋ ಅಷ್ಟಕ್ಕೇ ಇಟ್ಟು ಅರ್ಧ ಗಂಟೆ ಉರಿಸಿ, ಆಮೇಲೆ ಹೊಂದಿಸಿ.

ಹೊಂದಿಸಲು ನನ್ನ ಹತ್ತಿರ ಒಂದು ಬಿಳಿ ಪಂಚೆ ಇದೆ. ಅದನ್ನು ಸುಕ್ಕಿಲ್ಲದ ಹಾಗೆ ಬಿಗಿಯಾಗಿ ಕಟ್ಟುತ್ತೇನೆ. ಎರಡು ಲೈಟ್‌ಗಳನ್ನು ಒಂದೇ ದೂರದಲ್ಲಿಟ್ಟು, ಬೆಳಕು ಪಕ್ಕಪಕ್ಕ ಬೀಳುವ ಹಾಗೆ ತಿರುಗಿಸುತ್ತೇನೆ. ಮೊದಲು ಬರೀ ಕೆಂಪು. ಎರಡೂ ಕೂಡುವ ಅಂಚನ್ನು ನೋಡಿ. ಅಲ್ಲಿ ಗೆರೆ ಕಂಡರೆ ಜಾಸ್ತಿ ಇರುವುದನ್ನು ಇಳಿಸಿ, ಗೆರೆ ಮಾಯವಾಗುವವರೆಗೆ. ಆಮೇಲೆ ಹಸಿರು, ನೀಲಿ, ಕೊನೆಗೆ ಮೂರೂ ಸೇರಿದ ಬಿಳಿ. ಕಂಟ್ರೋಲರ್‌ನಲ್ಲಿ ಸೊನ್ನೆ ಅಂದರೆ ಕತ್ತಲು, 255 ಅಂದರೆ ಫುಲ್. 255 ಇದ್ದ ಕೆಂಪು 230ಕ್ಕೆ ಬರಬಹುದು, ನೀಲಿ 180ಕ್ಕೆ ಬರಬಹುದು. ಆ ನಂಬರ್‌ಗಳನ್ನು ಟೇಪ್ ಮೇಲೆ ಬರೆದು ಅದೇ ಲೈಟಿನ ಬೆನ್ನಿಗೆ ಅಂಟಿಸಿ. ಎಲ್ಲಕ್ಕಿಂತ ಮಂಕಾದ ಲೈಟ್ ಯಾವುದೋ ಅದೇ ಅಳತೆ. ಉಳಿದವು ಅದರ ಮಟ್ಟಕ್ಕೆ ಇಳಿಯಬೇಕು.

"ಹಾಗಾದರೆ ಬೆಳಕು ಕಮ್ಮಿ ಆಗುತ್ತದಲ್ಲ?" ಅಂತ ಕೇಳುತ್ತಾರೆ. ಆಗುತ್ತದೆ. ಆದರೆ 255ರಿಂದ 200ಕ್ಕೆ ಇಳಿಸಿದರೆ ಕಣ್ಣಿಗೆ ಅಷ್ಟೇನೂ ಗೊತ್ತಾಗುವುದಿಲ್ಲ. ಬಣ್ಣ ಬೇರೆಯಾದರೆ ಮಾತ್ರ ಕೊನೇ ಸಾಲಿನಲ್ಲಿ ಕೂತ ಅಜ್ಜಿಗೂ ಕಾಣುತ್ತದೆ. ಕಮ್ಮಿ ಇಟ್ಟರೆ ಲೈಟೂ ತಣ್ಣಗಿರುತ್ತದೆ, ರಾತ್ರಿಯಿಡೀ ಒಂದೇ ಥರ ಉರಿಯುತ್ತದೆ. ಫುಲ್‌ಗೆ ಇಟ್ಟ ಕೆಲವು ಲೈಟ್‌ಗಳು ಕಾದಾಗ ತಾವೇ ಬೆಳಕು ಇಳಿಸಿಕೊಳ್ಳುತ್ತವೆ.

ನಿಜವಾಗಿಯೂ ಬೆಳಕು ಸಾಲದಿದ್ದರೆ ಲೈಟನ್ನು ಹತ್ತಿರ ತನ್ನಿ. 20 ಅಡಿಯಲ್ಲಿರುವುದನ್ನು 10 ಅಡಿಗೆ ತಂದರೆ ಬೆಳಕು ಹೆಚ್ಚುಕಮ್ಮಿ ನಾಲ್ಕು ಪಟ್ಟು ಆಗುತ್ತದೆ. ಇದೇ ಕಾರಣಕ್ಕೆ ಎಡಬಲದ ಕಂಬಗಳು ಒಂದೇ ದೂರದಲ್ಲಿರಬೇಕು. ಟೇಪ್ ಹಿಡಿದು ಅಳೆಯಿರಿ, ಅಂದಾಜು ಬೇಡ. ನಮ್ಮ ಕಡೆ ಧೂಳು ಬೇರೆ ಜಾಸ್ತಿ. ಗಾಜನ್ನು ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಫ್ಯಾನಿನ ಧೂಳನ್ನು ಬ್ರಷ್‌ನಲ್ಲಿ ತೆಗೆಯಿರಿ.

ಮುಖಕ್ಕೆ ಕೆಂಪು, ಹಸಿರು, ನೀಲಿ ಬೆರೆಸಿದ ಬಿಳಿ ಹಾಕಬೇಡಿ. ಅದರಲ್ಲಿ ಚರ್ಮಕ್ಕೆ ಜೀವ ಬರುವುದಿಲ್ಲ. ವಾರ್ಮ್ ವೈಟ್, ಅಂದರೆ ಸ್ವಲ್ಪ ಹಳದಿಗೆ ತಿರುಗಿದ ಬಿಳಿ ಎಲ್‌ಇಡಿಯೇ ಬೇಕು, ಅದೂ ಸಾಧ್ಯವಾದರೆ ಎಲ್ಲಾ ಒಂದೇ ಸಲ ಒಂದೇ ಲಾಟ್‌ನಲ್ಲಿ ಕೊಂಡದ್ದು. ಹಳೇ ಲೈಟ್‌ಗಳನ್ನು ಹಿಂದಿನ ಸೀನರಿ ಪರದೆಗೆ ಹಾಕಿ. ಅರಮನೆ ಪರದೆಯಲ್ಲಿ ಸ್ವಲ್ಪ ವ್ಯತ್ಯಾಸ ಬಂದರೆ ತೊಂದರೆ ಇಲ್ಲ.

ಎರಡು ಕಂಪನಿಯ ಲೈಟ್ ಸೇರಿಸಿದ್ದರೆ, ಲೈಟಿನ ಮೆನುವಿನಲ್ಲಿ ಡಿಮ್ಮರ್ ಕರ್ವ್, ಅಂದರೆ ನಂಬರ್ ಇಳಿಸಿದಂತೆ ಬೆಳಕು ಇಳಿಯುವ ರೀತಿ, ಎರಡಕ್ಕೂ ಒಂದೇ ಇದೆಯಾ ನೋಡಿ. ಇಲ್ಲದಿದ್ದರೆ ನಿಧಾನವಾಗಿ ಇಳಿಸುವಾಗ ಒಂದು ಮೊದಲೇ ಕತ್ತಲಾಗುತ್ತದೆ, ಇನ್ನೊಂದು ಉರಿಯುತ್ತಲೇ ಇರುತ್ತದೆ. ಈಗ ಎಲ್ಲರೂ ಮೊಬೈಲ್‌ನಲ್ಲಿ ವಿಡಿಯೋ ಮಾಡುತ್ತಾರೆ. ಲೈಟನ್ನು ಅರ್ಧಕ್ಕೆ ಇಳಿಸಿ ನೀವೂ ಒಂದು ಸ್ಲೋ ಮೋಷನ್ ತೆಗೆದು ನೋಡಿ. ವಿಡಿಯೋದಲ್ಲಿ ಪಟ್ಟೆ ಓಡಿದರೆ ಮೆನುವಿನಲ್ಲಿ ಪಿಡಬ್ಲ್ಯುಎಂ ಫ್ರೀಕ್ವೆನ್ಸಿ, ಅಂದರೆ ಲೈಟ್ ಕಣ್ಣಿಗೆ ಕಾಣದಷ್ಟು ಬೇಗ ಆರಿ ಹೊತ್ತುವ ವೇಗ, ಏರಿಸಿ.

ಎಲ್ಲಾ ಆದ ಮೇಲೆ ಇನ್ನೊಂದು ಕೆಲಸ ಉಳಿದಿರುತ್ತದೆ. ಕೃಷ್ಣನಿಗೆ ಬಣ್ಣ ಹಚ್ಚಿ ಮುಗಿದ ಕೂಡಲೇ, "ಅಣ್ಣಾ, ಒಂದು ಸಲ ಈ ತುದಿಯಿಂದ ಆ ತುದಿಗೆ ನಡೀರಿ" ಅನ್ನಿ. ನೀವು ಜನ ಕೂರುವ ಜಾಗದಲ್ಲಿ ನಿಂತು ಅವರ ಕೆನ್ನೆ ಮಾತ್ರ ನೋಡಿ. ಎಲ್ಲಿ ನೀಲಿ ಬದಲಾಗುತ್ತದೋ ಅಲ್ಲಿನ ಲೈಟಿನಲ್ಲಿ ಯಾವ ಬಣ್ಣ ಹೆಚ್ಚಾಗಿದೆಯೋ ಅದನ್ನು ನಾಲ್ಕೈದು ನಂಬರ್ ಇಳಿಸಿ. ಪಕ್ಕದ್ದನ್ನು ಏರಿಸಬೇಡಿ.