ಡ್ರಮ್ ಟ್ರ್ಯಾಕ್‌ಗಳ ಲಯ ಬಿಗಿ ಮಾಡುವುದು

ಕತ್ತರಿ ಹಾಕುವ ಮೊದಲು ಮೂಲ ರೆಕಾರ್ಡಿಂಗ್‌ನ ಒಂದು ಪ್ರತಿ ತೆಗೆದಿಡಿ. ಆಮೇಲೆ ಕಿಕ್, ಸ್ನೇರ್, ಟಾಮ್ ಡ್ರಮ್‌ಗಳ ಟ್ರ್ಯಾಕ್‌ಗಳು, ಓವರ್‌ಹೆಡ್ (ಡ್ರಮ್ ಸೆಟ್‌ನ ಮೇಲಿನ ಮೈಕ್), ರೂಮ್ (ಕೋಣೆಯ ಶಬ್ದ ಹಿಡಿಯುವ ಮೈಕ್) ಎಲ್ಲವನ್ನೂ ಒಂದೇ ಗುಂಪಿಗೆ ಸೇರಿಸಿ. ರೀಪರ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಾದರೆ ಆಯ್ದುಕೊಂಡು ಜಿ ಒತ್ತಿದರೆ ಸಾಕು. ಇದರಲ್ಲಿ ರಾಜಿ ಬೇಡವೇ ಬೇಡ. ಸ್ನೇರ್ ಟ್ರ್ಯಾಕ್ ಒಂದನ್ನೇ ಸರಿಸಿದರೆ ಓವರ್‌ಹೆಡ್‌ನಲ್ಲಿರುವ ಅದೇ ಪೆಟ್ಟು ಹಳೆಯ ಜಾಗದಲ್ಲೇ ಉಳಿದು, ಒಂದು ಪೆಟ್ಟು ಎರಡಾಗಿ ಕೇಳುತ್ತದೆ. ಸರಿಸಿದ್ದು ಒಂದೆರಡು ಮಿಲಿಸೆಕೆಂಡ್ ಮಾತ್ರವಾದರೆ ಫೇಸ್ (ಎರಡು ಮೈಕ್‌ಗಳ ಅಲೆಗಳ ಹೊಂದಾಣಿಕೆ) ಕೆಟ್ಟು ಸ್ನೇರ್ ಪೀಚಲಾಗುತ್ತದೆ. ಸ್ನೇರ್‌ನಿಂದ 1 ಮೀಟರ್ ಮೇಲಿರುವ ಓವರ್‌ಹೆಡ್ ಮೈಕ್‌ಗೆ ಶಬ್ದ ಸುಮಾರು 3 ಮಿಲಿಸೆಕೆಂಡ್ ತಡವಾಗಿ ತಲುಪುತ್ತದೆ. ಅದು ಸಹಜ, ತಿದ್ದಲು ಹೋಗಬೇಡಿ.

ಕಿಕ್, ಸ್ನೇರ್ ಅಲೆಗಳನ್ನು ನೋಡಿಕೊಂಡು, ಪೆಟ್ಟು ಏಳುವ ಜಾಗಕ್ಕಿಂತ 5ರಿಂದ 10 ಮಿಲಿಸೆಕೆಂಡ್ ಮೊದಲೇ ಕತ್ತರಿಸಿ. ಗ್ರಿಡ್‌ಗೆ (ತಾಳದ ಗೆರೆಗಳಿಗೆ) ಕೂರಿಸಬೇಕಾದದ್ದು ಪೆಟ್ಟನ್ನು, ತುಣುಕಿನ ಅಂಚನ್ನಲ್ಲ. ಸರಿಸಿದಾಗ ಸಂದು ಬಿದ್ದರೆ ಬಲಗಡೆಯ ತುಣುಕಿನ ಎಡ ಅಂಚನ್ನು ಹಿಂದಕ್ಕೆ ಎಳೆಯಿರಿ. ಎಡಗಡೆಯದನ್ನು ಮುಂದಕ್ಕೆ ಎಳೆದರೆ ಮುಂದಿನ ಪೆಟ್ಟಿನ ಚೂರು ಇಣುಕಿ 'ಟಟ್' ಎನ್ನುತ್ತದೆ. ಕ್ರಾಸ್‌ಫೇಡ್ (ಒಂದು ತುಣುಕು ತಗ್ಗುತ್ತ ಇನ್ನೊಂದು ಏರುವ ಬೆಸುಗೆ) 5 ಮಿಲಿಸೆಕೆಂಡ್ ಇರಲಿ, ಪೆಟ್ಟಿಗೆ ಮೊದಲೇ ಮುಗಿಯಲಿ. ಕ್ರ್ಯಾಶ್ ಸಿಂಬಲ್ ಮೊಳಗುತ್ತಿರುವ ಕಡೆ ಇನ್ನಷ್ಟು ಉದ್ದ ಬೇಕು.

ಎಲ್ಲವನ್ನೂ ಗ್ರಿಡ್‌ಗೆ ಅಂಟಿಸಿದರೆ ನುಡಿಸಿದವರ ಕೈಯೇ ಕಳೆದುಹೋಗುತ್ತದೆ. 20 ಮಿಲಿಸೆಕೆಂಡ್ ತಪ್ಪಿದ್ದನ್ನು 15ರಷ್ಟು ಸರಿಸಿ, ಬಾಸ್ ಗಿಟಾರ್ ಜೊತೆ ಕಣ್ಣು ಮುಚ್ಚಿ ಕೇಳಿ.